ಸಂಕೋಚಕ್ಕೆ ಸಿಕ್ಕ ಸೀಟು

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಸ್ವೀಡನ್ನಿನ ಇಡೀ ಗೋಥೆನ್‌ಬರ್ಗ್ ನಗರದಲ್ಲಿ ಯಾರೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ವೀಸಾ ಅರ್ಜಿ, ಮನೆ ಬಾಡಿಗೆ ಅರ್ಜಿ, ಮಗಳನ್ನು ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸುವ ಅರ್ಜಿ, ಎಲ್ಲವನ್ನೂ ಒಂದೇ ಏಟಿಗೆ ತುಂಬಿ ಎಸೆದವಳು ನಾನು. ಯೂನಿವರ್ಸಿಟಿ ಅರ್ಜಿ ಯಾವ ಮಹಾ!

ಇದು 2015ರ ಮಾತು. ಆಗ ನಾನು ಕೊಮ್‌ವುಕ್ಸ್ ವಿದ್ಯಾರ್ಥಿನಿ. ಕೊಮ್‌ವುಕ್ಸ್ ಅಂದರೆ ಇಲ್ಲಿನ ನಗರಸಭೆಯವರು ದೊಡ್ಡವರಿಗಾಗಿ ನಡೆಸುವ ಶಾಲೆ. ನನ್ನ ಬೆಂಗಳೂರಿನ ಬಿ.ಕಾಂ. ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಆದರೆ ಸ್ಪೀಚ್ ಥೆರಪಿ ಓದಬೇಕಾದರೆ ಗಣಿತ, ವಿಜ್ಞಾನ, ಸ್ವೀಡಿಶ್ ಎಲ್ಲವನ್ನೂ ಹೊಸದಾಗಿ ಪಾಸು ಮಾಡಬೇಕಿತ್ತು. ಹೀಗಾಗಿ ಮೂವತ್ತೆಂಟನೇ ವಯಸ್ಸಿನಲ್ಲಿ ಕೂತು ಜೀವಕೋಶದ ಚಿತ್ರಕ್ಕೆ ಬಣ್ಣ ತುಂಬಿದೆ.

ಸ್ಪೀಚ್ ಥೆರಪಿಯೇ ಯಾಕೆ ಅಂದರೆ, ನನ್ನ ಮಗಳು ಅದಿತಿ ನಾಲ್ಕು ತುಂಬಿದರೂ ಒಂದು ಮಾತೂ ಆಡಿರಲಿಲ್ಲ. ನಾನು ಹೆದರಿ ಅರ್ಧ ಆಗಿದ್ದೆ. ಇಲ್ಲಿನ ಒಬ್ಬ ಥೆರಪಿಸ್ಟ್ ವಾರಕ್ಕೊಮ್ಮೆ ಅವಳ ಜೊತೆ ನೆಲದ ಮೇಲೆ ಕೂತು, ಆಟವಾಡಿಸುತ್ತಾ ಬಾಯಿ ಬಿಡಿಸಿದರು. ಮಾಡಿದರೆ ಇಂಥ ಕೆಲಸ ಮಾಡಬೇಕು ಎಂದು ಆವತ್ತೇ ನಿರ್ಧರಿಸಿದೆ. ಅರ್ಜಿ ಹಾಕುವ ಹೊತ್ತಿಗೆ ಅದಿತಿಗೆ ಒಂಬತ್ತು. ಅವಳ ಬಾಯಿ ಮುಚ್ಚಿಸುವ ಥೆರಪಿಸ್ಟ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ!

ಗೋಥೆನ್‌ಬರ್ಗಿನ ಆ ಕೋರ್ಸಿಗೆ ಸೀಟುಗಳು ಬೆರಳೆಣಿಕೆಯಷ್ಟು, ಕೇಳುವವರು ರಾಶಿ. ಕೊಮ್‌ವುಕ್ಸ್‌ನಿಂದ ಹೋದವಳಿಗೆ ಅಲ್ಲಿ ಸಿಗುವ ಚಾನ್ಸ್ ಎಷ್ಟು? ಈ ಕುತೂಹಲ ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಶಾಲೆಯ ಸಲಹೆಗಾರ್ತಿ ಅನ್ನಿಕಾಳನ್ನು ಕೇಳಿದೆ.

"ಹೇಳುವುದು ಕಷ್ಟ. ಈ ವರ್ಷ ಯಾರ್ಯಾರು ಅರ್ಜಿ ಹಾಕುತ್ತಾರೋ ನೋಡಬೇಕು," ಎಂದಳು.

"ಆದರೂ ಒಂದು ಅಂದಾಜು? ನೂರಕ್ಕೆ ಎಷ್ಟು?"

ಅನ್ನಿಕಾ ಬಹಳ ಹೊತ್ತು ಯೋಚಿಸಿದಳು. "ಸಿಗಬಹುದು. ಸಿಗದೆಯೂ ಇರಬಹುದು."

ಇದನ್ನು ಕೇಳಲು ಮೂರು ವಾರ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ!

ನಾನು ಬಿಡಲಿಲ್ಲ. ಪಕ್ಕದ ಮನೆಯವರನ್ನು ಕೇಳಿದೆ, ಹಲ್ಲಿನ ಡಾಕ್ಟರನ್ನು ಕೇಳಿದೆ. ನಮ್ಮವರು ಕೆಲಸ ಮಾಡುವುದು ಲಿಂಡ್‌ಹೋಲ್ಮೆನ್ ಎಂಬ ಬಡಾವಣೆಯಲ್ಲಿ. ಅವರ ಆಫೀಸಿನ ಇಂಜಿನಿಯರುಗಳು ಕಾಫಿ ಹೊತ್ತಿನಲ್ಲಿ ಹಿಂದಿನ ವರ್ಷಗಳ ಕಟಾಫ್ ಎಲ್ಲ ಕಲೆಹಾಕಿ ನನಗಾಗಿ ಒಂದು ಗ್ರಾಫ್ ಎಳೆದರು. ಗೆರೆ ಮೇಲಕ್ಕೆ ಹೋಗಿ ಹಾಳೆಯಿಂದಲೇ ಆಚೆ ಹೋಯಿತು. ನನ್ನ ಧೈರ್ಯವೂ ಅದರ ಜೊತೆಗೇ ಹೋಯಿತು.

ಏಪ್ರಿಲ್‌ನಲ್ಲಿ ಅರ್ಜಿ ತುಂಬಲು ಕೂತೆ. ಬೇಕಾದ ಕೋರ್ಸುಗಳನ್ನು ಒಂದು, ಎರಡು ಎಂದು ಕ್ರಮವಾಗಿ ಬರೆಯಬೇಕು. ನಾನು ಮೊದಲನೆಯದಾಗಿ ಕಾರ್ಲ್‌ಸ್ಟಾಡ್ ಊರಿನ ಜನಾರೋಗ್ಯದ ಕೋರ್ಸನ್ನು ಬರೆದೆ. ಅದು ಸುಲಭವಾಗಿ ಸಿಗುವಂಥದ್ದು. ಗೋಥೆನ್‌ಬರ್ಗಿನ ಸ್ಪೀಚ್ ಥೆರಪಿಯನ್ನು ಎರಡನೆಯದಾಗಿ ಬರೆದೆ. ನಮ್ಮವರು ಹಿಂದಿನಿಂದ ಬಗ್ಗಿ ನೋಡಿದರು.

"ಏನೇ ಸುಮಾ ಇದು? ಕಾರ್ಲ್‌ಸ್ಟಾಡ್ ಯಾಕೆ ಫಸ್ಟು? ದಿನಾ ಅಷ್ಟು ದೂರ ಟ್ರೈನಲ್ಲಿ ಹೋಗಿ ಬರ್ತೀಯಾ?"

"ಅಯ್ಯೋ, ಅಲ್ಲಿಗೆ ಯಾರು ಹೋಗ್ತಾರೆ ರೀ? ಎತ್ತಿದ ಬಾಯಿಗೆ ದೊಡ್ಡದನ್ನೇ ಕೇಳಿದ್ರೆ, ಕೊಮ್‌ವುಕ್ಸ್‌ನವಳಿಗೆ ಎಷ್ಟು ಧಿಮಾಕು ಅನ್ಕೊಳಲ್ವಾ? ಚಿಕ್ಕದು ಕೇಳೋಣ. ನನ್ನ ಮಾರ್ಕ್ಸ್ ನೋಡಿ ಅವರೇ, 'ಪಾಪ, ಇಷ್ಟು ಚೆನ್ನಾಗಿ ಓದಿದಾರೆ, ಎರಡನೇದೇ ಕೊಡೋಣ' ಅಂತಾರೆ."

"ಅದು ಕಂಪ್ಯೂಟರ್ ಕಣೇ!"

"ಕಂಪ್ಯೂಟರ್ ಹಿಂದೆ ಮನುಷ್ಯರು ಇರ್ತಾರೆ, ನೀವು ಸುಮ್ನಿರಿ."

ನಾನು ಬೆಳೆದದ್ದೇ ಹಾಗೆ. ಯಾರ ಮನೆಗೆ ಹೋದರೂ "ಕಾಫಿ ತಗೋತೀರಾ?" ಅಂದರೆ "ಬೇಡ ಬೇಡ, ಈಗ ತಾನೇ ಆಯ್ತು" ಅನ್ನಬೇಕು. ಅವರು ಬಲವಂತ ಮಾಡಬೇಕು. ಮೂರನೇ ಸಲಕ್ಕೆ "ಸರಿ, ಅರ್ಧ ಲೋಟ" ಅನ್ನಬೇಕು. ಆಗ ತುಂಬಿದ ಲೋಟ ಬರುತ್ತದೆ. ಸ್ವೀಡನ್ನಿನಲ್ಲಿ ಈ ಶಾಸ್ತ್ರ ನಡೆಯುವುದಿಲ್ಲವೆಂದು ನನಗೆ ಅಷ್ಟು ಹೊತ್ತಿಗೆ ತಿಳಿಯಬೇಕಿತ್ತು. ಕೊಮ್‌ವುಕ್ಸ್‌ನ ಫೀಕಾದಲ್ಲಿ, ಅಂದರೆ ಕಾಫಿ ಕೂಟದಲ್ಲಿ, ಎರಡು ವರ್ಷ ಕೇಕ್ ಬೇಡ ಎಂದಿದ್ದೆ. ಎರಡು ವರ್ಷವೂ ತಟ್ಟೆ ನಿಲ್ಲದೆ ಪಕ್ಕದವರ ಕಡೆಗೆ ಹೋಗಿತ್ತು.

ಜುಲೈನಲ್ಲಿ ಫಲಿತಾಂಶ ಬಂತು. ಕಾರ್ಲ್‌ಸ್ಟಾಡ್: ಸೀಟು ಸಿಕ್ಕಿದೆ. ಗೋಥೆನ್‌ಬರ್ಗ್: ತೆಗೆದುಹಾಕಲಾಗಿದೆ. ಕೆಳಗೆ, ಸಿಕ್ಕ ಸೀಟು ಬೇಕೋ ಬೇಡವೋ ಎಂಬ ಪ್ರಶ್ನೆ.

ನಮ್ಮವರು ಆಫೀಸಿನ ಕೆಲಸಕ್ಕೆ ಉತ್ತರದ ಉಮೆಯೊ ಊರಿಗೆ ಹೋಗಿದ್ದರು. ತಡೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಕಾರ್ಲ್‌ಸ್ಟಾಡ್ ಬೇಡವೆಂದರೆ ಯೂನಿವರ್ಸಿಟಿಯವರಿಗೆ ನನ್ನ ಮನಸ್ಸು ಅರ್ಥವಾಗಿ ಎರಡನೆಯದನ್ನು ಮುಂದಿಡುತ್ತಾರೆ ಎಂದು ನಾನು ಗಾಢವಾಗಿ ಆಲೋಚಿಸಿ, ಅತ್ಯಂತ ವಿನಯದಿಂದ "ಬೇಡ" ಒತ್ತಿದೆ.

ನಂತರ ಬಲವಂತಕ್ಕಾಗಿ ಕಾದೆ. ಒಂದು ವಾರವಾಯಿತು. ಫೋನನ್ನು ಬಚ್ಚಲುಮನೆಗೂ ಒಯ್ದೆ. ಎರಡು ವಾರವಾಯಿತು. ಯಾರೂ ಬಲವಂತ ಮಾಡಲಿಲ್ಲ! ಕೊನೆಗೆ ನಾನೇ ಫೋನ್ ಮಾಡಿದೆ. ಪ್ರವೇಶ ವಿಭಾಗದ ಹೆಂಗಸು ಶಾಂತವಾಗಿ ವಿವರಿಸಿದರು.

"ಮೊದಲನೆಯದು ಸಿಕ್ಕಿದರೆ ಅದರ ಕೆಳಗಿನದೆಲ್ಲ ತಾನಾಗಿಯೇ ಹೋಗುತ್ತದೆ. ಹೆಚ್ಚು ಬೇಕಾದದ್ದನ್ನು ಮೊದಲು ಬರೆಯಬೇಕು."

"ನನಗೆ ಬೇಕಾಗಿದ್ದು ಗೋಥೆನ್‌ಬರ್ಗ್."

"ಹಾಗಾದರೆ ಕಾರ್ಲ್‌ಸ್ಟಾಡ್ ಯಾಕೆ ಬರೆದಿರಿ?"

ಸಂಕೋಚಕ್ಕೆ ಸ್ವೀಡಿಶ್‌ನಲ್ಲಿ ಏನನ್ನುತ್ತಾರೆಂದು ಹುಡುಕಿದೆ, ಸಿಗಲಿಲ್ಲ. "ಮರ್ಯಾದೆಗೆ," ಎಂದೆ. ಇಷ್ಟಾದರೂ ಹಾಳು ಕುತೂಹಲ ಸುಮ್ಮನಿರಬೇಕಲ್ಲ! "ಗೋಥೆನ್‌ಬರ್ಗನ್ನೇ ಮೊದಲು ಬರೆದಿದ್ದರೆ ಚಾನ್ಸ್ ಎಷ್ಟಿತ್ತು?"

ಕೀಲಿಮಣೆ ಟಕಟಕ ಎಂದಿತು. "ಖಂಡಿತ ಸಿಗುತ್ತಿತ್ತು. ನಿಮ್ಮ ಅಂಕ ಕಟಾಫ್‌ಗಿಂತ ಮೇಲೇ ಇದೆ."

ಒಂದು ವರ್ಷದಿಂದ ಊರೆಲ್ಲ ಕೇಳಿದ ಪ್ರಶ್ನೆಗೆ ಮೊದಲ ಸಲ ಸ್ಪಷ್ಟ ಉತ್ತರ!

"ಹೋಗಲಿ, ಕಾರ್ಲ್‌ಸ್ಟಾಡ್ ಆದರೂ..."

"ಅದು ಬೇಡವೆಂದು ನೀವೇ ಹೇಳಿದ್ದೀರಲ್ಲ. ಬೇರೆಯವರಿಗೆ ಹೋಯಿತು."

ಫೋನಿಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ. ನಿಜವಾಗಿಯೂ ಅತ್ತೆ. ಆ ಸೀಟು ನನ್ನದಾಗಿತ್ತು, ಯಾರೂ ಕಿತ್ತುಕೊಂಡಿರಲಿಲ್ಲ, ನಾನೇ ಬದಿಗೆ ಸರಿಸಿದ್ದೆ. ಅದಿತಿ ಬಂದು ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಎಂದಿನಂತೆ ಸ್ವೀಡಿಶ್‌ನಲ್ಲೇ ಉತ್ತರಿಸಿದಳು.

"ಅಮ್ಮಾ, ಥೆರಪಿಸ್ಟ್ ನನಗೆ ಮೊದಲು ಕಲಿಸಿದ ಮಾತು ಯಾವುದು ಗೊತ್ತಾ?"

"ಅಮ್ಮ ಅಂತ ಅಲ್ವೇನೇ?"

"ಅಲ್ಲ. 'ಬೇಕು' ಅಂತ. ಹಾಗೆ ಹೇಳದೆ ಇದ್ರೆ ಗೊಂಬೆ ಕೊಡ್ತಾನೇ ಇರಲಿಲ್ಲ. ನೀನೂ ಅಲ್ಲೇ ಕೂತು ನೋಡ್ತಾ ಇದ್ಯಲ್ಲಾ!"

ಕೂತಿದ್ದು ನಿಜ. ವಾರ ತಪ್ಪಿಸದೆ ಒಂದು ವರ್ಷ ಕೂತಿದ್ದೆ. ನಾಲ್ಕು ವರ್ಷದ ಮಗುವಿಗೆ ಬಂದ ಪಾಠ, ಪಕ್ಕದಲ್ಲೇ ಕೂತ ತಾಯಿಯ ತಲೆಗೆ ಹತ್ತಲಿಲ್ಲ. ಇಂಥವಳು ಊರಿನ ಮಕ್ಕಳಿಗೆಲ್ಲ ಬಾಯಿ ಬಿಡುವುದನ್ನು ಕಲಿಸಲು ಹೊರಟಿದ್ದೆ!