ಕಾಲುವೆ ಸೇತುವೆಯ ಮೇಲೊಂದು ಒಂಟೆ

ಮಗಳ ಹಠವನ್ನು ಒಂದೇ ವಾರದಲ್ಲಿ ಬೇರುಸಹಿತ ಕಿತ್ತೊಗೆಯುತ್ತೇನೆ ಎಂದು ನಾನು ಘೋಷಿಸಿದ್ದು ನಮ್ಮ ಅಡುಗೆಮನೆಯಲ್ಲಿ. ಸಾಕ್ಷಿಗೆ ಹೆಂಡತಿ ಮಧುಮತಿ ಮತ್ತು ಹಂಚಿನ ಮೇಲಿನ ರೊಟ್ಟಿ. ಹತ್ತು ವರ್ಷದ ವೈಶಾಲಿ ಗಣಿತದ ಪುಸ್ತಕ ಮುಚ್ಚಿ, "ಭಾಗಾಕಾರ ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ" ಎಂದು ಕಂಬಕ್ಕೆ ಆತು ಕೂತಿದ್ದಳು.

"ಹೊಡೀಬ್ಯಾಡ್ರಿ ಮತ್ತ," ಎಂದಳು ಮಧುಮತಿ.

"ಛೆ! ನಾ ಸೂಫಿ ಕತಿ ಹೇಳ್ತೀನಿ. ಹಠ ಮಾಡೋ ಹುಡುಗರಿಗೆ ಅಂತನ ಫಕೀರರು ಹೇಳಿಟ್ಟ ಕತಿ ಅದಾವು."

"ನಿಮ್ಮ ಹಠಕ್ಕ ಯಾರು ಹೇಳಿಟ್ಟಾರ?"

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ನಾನು ಅಂಕಣಕಾರ. ಪ್ರತಿ ಶುಕ್ರವಾರ ವಾರಪತ್ರಿಕೆಯಲ್ಲಿ ಯಾರನ್ನಾದರೂ ಹುರಿದು ಮುಕ್ಕುವವನು. ಏಳನೇ ಇಯತ್ತೆಯ ಆಚೆ ಸಾಲೆಯ ಮುಖ ನೋಡಿಲ್ಲ. ಓದಿದ್ದು, ಬರೆದದ್ದು, ಸಿಟ್ಟಾಗಲು ಕಲಿತದ್ದು ಎಲ್ಲ ಸ್ವಂತ.

ಕಾರು ಓಡಿಸಲು ಕಲಿತದ್ದೂ ಸ್ವಂತ! ದಸರಾಕ್ಕೆ ಹಳೆಯದೊಂದು ಕಾರು ಕೊಂಡು, ಹೊಲದಲ್ಲಿ ನಾನೇ ಗುರು, ನಾನೇ ಶಿಷ್ಯನಾಗಿ ಕಲಿತೆ. ಲೈಸೆನ್ಸ್ ಹೇಗೆ ಬಂತು ಎಂದು ಕೇಳಬೇಡಿ. ಆ ದಂಧೆಯ ವಿರುದ್ಧ ಎರಡು ಖಾರವಾದ ಅಂಕಣ ಬರೆದಿದ್ದೇನೆ. ಇರಲಿ, ಒಂದು ಸಣ್ಣ ವಿದ್ಯೆ ಮಾತ್ರ ಕೈಗೆ ಹತ್ತಲಿಲ್ಲ: ಹಿಂದಕ್ಕೆ ಹೋಗುವುದು. ರಿವರ್ಸ್ ಹಾಕಿದರೆ ಸ್ಟೇರಿಂಗು ನನ್ನ ಮಾತು ಕೇಳುವುದಿಲ್ಲ. ಆದ್ದರಿಂದ ಮನೆ ಮುಂದೆ ಗಾಡಿ ತಿರುಗಿಸುವ ಬದಲು, ದಿನವೂ ಬೀರಪ್ಪನ ಗುಡಿಗೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಮೂಢನಂಬಿಕೆಯ ವಿರುದ್ಧ ಬರೆಯುವ ಮನುಷ್ಯನಿಗೆ ಕೊನೆಗೂ ಭಕ್ತಿ ಹುಟ್ಟಿತು ಎಂದು ನಮ್ಮೂರು ಬೆಳಗಲಿಯ ಜನ ಸಂತೋಷಪಟ್ಟರು. ನಾನು ತಿದ್ದಲಿಲ್ಲ.

ಕತೆ ಹೇಳಿದೆ. ಭಾಗಾಕಾರ ಒಂದಿಂಚೂ ಕದಲಲಿಲ್ಲ. ಆದರೆ ಕತೆ ಮಾತ್ರ ಮಗಳಿಗೆ ಹಿಡಿಸಿಬಿಟ್ಟಿತು. ಸಾಲೆಯಲ್ಲಿ ಹೇಳಿ ಮೊದಲನೆಯವಳಾದಳು, ಮುಧೋಳದಲ್ಲಿ ನಡೆಯುವ ಕತೆ ಹೇಳುವ ಸ್ಪರ್ಧೆಗೆ ಆಯ್ಕೆಯಾದಳು. ಶನಿವಾರ ಹನ್ನೊಂದಕ್ಕೆ ಸರಿಯಾಗಿ ಶುರು. ಇವಳದು ಮೂರನೇ ನಂಬರು. ಕರೆದಾಗ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಹತ್ತು ದಿನ ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು ಹುಡುಗಿ.

ಹತ್ತಕ್ಕೆ ಮೂವರೂ ಹೊರಟೆವು. ಕಬ್ಬಿನ ಹಂಗಾಮು, ದೊಡ್ಡ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಮೆರವಣಿಗೆ. ನಾನು ಜಾಣ! ಹೊಲದ ಅಡ್ಡದಾರಿ ಹಿಡಿದೆ. ಕಾಲುವೆಯ ಸಣ್ಣ ಸೇತುವೆಯ ನಡುಮಧ್ಯೆ ತಲುಪಿದಾಗ ಎದುರಿಗೆ ಬಂದು ನಿಂತಿತು, ಎರಡು ಟ್ರ್ಯಾಲಿ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್. ಅದರ ಹಿಂದೆ ಅಂಥದೇ ಇನ್ನೊಂದು.

ಚಾಲಕ ಹಾಡು ಬಂದ್ ಮಾಡಿ ಇಳಿದು ಬಂದ. ಹೆಸರು ಧರೆಪ್ಪ.

"ಸಾವಕಾರ್ರ, ಸ್ವಲ್ಪ ಹಿಂದ ತಗೋರಿ. ಡಬಲ್ ಟ್ರ್ಯಾಲಿ ಐತಿ, ನನಗ ರಿವರ್ಸ್ ಬರಂಗಿಲ್ರಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ನನ್ನ ಬಾಯಿಂದ ಬಂದದ್ದು ಬೇರೆಯೇ.

"ಸೇತುವೆ ಮ್ಯಾಲ ಮೊದಲು ಬಂದಾವ ನಾನು. ನಿಮ್ಮ ಟ್ರ್ಯಾಕ್ಟರ್ ದರ್ಬಾರಿನ ಮ್ಯಾಲ ಮೂರು ಲೇಖನ ಬರದೇನಿ. ಇದು ತತ್ವದ ಪ್ರಶ್ನೆ!"

"ತತ್ವ ಇರಲಿರಿ, ಇಪ್ಪತ್ತು ಹೆಜ್ಜಿ ಹಿಂದ ಹೋದ್ರ ಆತು."

"ಒಂದು ಹೆಜ್ಜಿನೂ ಇಲ್ಲ!"

ಧರೆಪ್ಪ ವಾದ ಮಾಡಲಿಲ್ಲ. ಒಂದು ಕಬ್ಬು ಎಳೆದು, ಸಿಗಿಯುತ್ತ ಸೇತುವೆಯ ಗೋಡೆಯ ಮೇಲೆ ಕೂತ. ಹತ್ತೂವರೆ ಆಯಿತು. ಹತ್ತು ನಲವತ್ತಾಯಿತು. ನಾನು ಹಕ್ಕು, ಕಾನೂನು, ರೈತಹಿತ ಎಲ್ಲದರ ಮೇಲೆ ಭಾಷಣ ಮಾಡಿದೆ. ಕೇಳುತ್ತಿದ್ದದ್ದು ಕಾಲುವೆಯ ನೀರು ಮಾತ್ರ.

"ರೀ, ಕೂಸಿನ ನಂಬರ್ ಹೋಗತೈತಿ. ಹಿಂದ ತಗೋರಿ ಅಂದ್ರ!"

"ಅನ್ಯಾಯಕ್ಕ ತಲಿ ಬಾಗಂಗಿಲ್ಲ, ಮಧೂ!"

ಹಿಂದಿನ ಸೀಟಿನಲ್ಲಿ ವೈಶಾಲಿ ಕಣ್ಣು ಮುಚ್ಚಿ ಕತೆ ಹೇಳಿಕೊಳ್ಳತೊಡಗಿದಳು. ವೇದಿಕೆ ಸಿಗದಿದ್ದರೆ ಇಲ್ಲೇ ಹೇಳಿಬಿಡೋಣ ಎಂಬಂತೆ, ಜೋರಾಗಿ.

"ಒಬ್ಬ ಫಕೀರನ ಶಿಷ್ಯ ಒಂಟೆಯ ಮೇಲೆ ಕಟ್ಟಿಗೆ ಹೇರಿಕೊಂಡು ಬಂದ. ಊರ ಅಗಸಿ ಬಾಗಿಲಲ್ಲಿ ಒಂಟೆ ನಿಂತುಬಿಟ್ಟಿತು. ಹಠಮಾರಿ ಒಂಟೆ ಅಂತ ಮಧ್ಯಾಹ್ನದವರೆಗೆ ಹೊಡೆದ. ಫಕೀರ ಬಂದು ನೋಡಿದ. ಶಿಷ್ಯ ಕಟ್ಟಿಗೆಯನ್ನು ಅಡ್ಡ ಹೇರಿದ್ದ, ಅಗಸಿಗಿಂತ ಅಗಲ! ಬಿಚ್ಚಿ ಉದ್ದಕ್ಕೆ ಕಟ್ಟಿದ, ಒಂಟೆ ನಡೆಯಿತು. ಆಗ ಫಕೀರ ಹೇಳಿದ: ಮಗೂ, ಒಂಟೆಯದು ಹಠ ಅಲ್ಲ, ಅದಕ್ಕೆ ಆಗುತ್ತಿರಲಿಲ್ಲ, ಹೇಳಲು ಬಾಯಿರಲಿಲ್ಲ. ಬಾಯಿ ಇದ್ದೂ ನನಗೆ ಬರುವುದಿಲ್ಲ ಅಂತ ಹೇಳದಿರುವುದೇ ಹಠ."

ಧರೆಪ್ಪ ಕಬ್ಬು ಅಗಿಯುವುದನ್ನು ನಿಲ್ಲಿಸಿದ. ವೈಶಾಲಿ ಕಣ್ಣು ತೆರೆದಳು.

"ಅಪ್ಪಾ, ನಿನಗ ರಿವರ್ಸ್ ಬರಂಗಿಲ್ಲ, ಹೌದಿಲ್ಲೋ? ಬೀರಪ್ಪನ ಗುಡಿ ಸುತ್ತ ಹಾಕೂದು ಅದಕ್ಕ, ಹೌದಿಲ್ಲೋ?"

ನಾನೂರು ಅಂಕಣ ಬರೆದ ನಾನು ಮಣಿಕಟ್ಟು ನೋಡಿಕೊಂಡೆ. ಗಡಿಯಾರದಲ್ಲಿ ಹತ್ತು ನಲವತ್ತೈದು.

"ಬರಂಗಿಲ್ಲವ್ವಾ."

ಆಕಾಶವೇನೂ ಬೀಳಲಿಲ್ಲ. ಬಿದ್ದದ್ದು ಮಧುಮತಿಯ ಧ್ವನಿ.

"ಅಯ್ಯಯ್ಯ! ಗಂಡಗ ಭಕ್ತಿ ಬಂತು ಅಂತ ನಾ ಐದು ಸೋಮವಾರ ಕಾಯಿ ಒಡಿಸೇನಲ್ರೀ!"

ಧರೆಪ್ಪ ಹೊಟ್ಟೆ ಹಿಡಿದು ನಕ್ಕ. "ಅಷ್ಟ ಏನ್ರಿ? ಬಂದ ಕೂಡ್ಲೇ ಅಂದಿದ್ರ ಎರಡು ಮಿನಿಟಿನ ಕೆಲಸ ಆಗಿತ್ತು. ಇಳೀರಿ ಕೆಳಗ." ಕೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ಸೀಟಿನಲ್ಲಿ ಕೂತ, ಕತ್ತು ಹಿಂದೆ ತಿರುಗಿಸಿದ, ಗಾಡಿಯನ್ನು ಗೆರೆ ಎಳೆದಂತೆ ಹಿಂದಕ್ಕೆ ತೆಗೆದು ಬದಿಗೆ ನಿಲ್ಲಿಸಿದ. ಹೋಗುವಾಗ ವೈಶಾಲಿಗೆ ಎರಡು ಕಬ್ಬು ಕೊಟ್ಟ. "ಛಲೋ ಹೇಳಬೇ ತಂಗಿ. ಒಂಟಿಗೆ ನನ್ನ ಶರಣು ಹೇಳು."

ಮುಧೋಳ ಮುಟ್ಟಿದಾಗ ಎರಡನೇ ನಂಬರಿನ ಹುಡುಗ ವೇದಿಕೆ ಇಳಿಯುತ್ತಿದ್ದ. ವೈಶಾಲಿ ಓಡುತ್ತಲೇ ಹತ್ತಿದಳು. ಕತೆ ಮುಗಿದ ಮೇಲೆ ತೀರ್ಪುಗಾರರು, "ಯಾರು ಕಲಿಸಿದರಮ್ಮಾ?" ಎಂದು ಕೇಳಿದರು.

"ಕತಿ ಅಪ್ಪ ಹೇಳಿದ್ದು ರೀ. ಅರ್ಥ ಟ್ರ್ಯಾಕ್ಟರ್ ಕಾಕಾ ತೋರಿಸಿದ್ದು."

ಸಭೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ, ಹೊಡೆಯದೆ ಏನು ಮಾಡಲಿ! ಎರಡನೇ ಬಹುಮಾನ ಬಂತು.

ಸಂಜೆ ನಾನು ಟ್ರ್ಯಾಕ್ಟರ್ ದರ್ಬಾರಿನ ನಾಲ್ಕನೇ ಅಂಕಣವನ್ನು ಹರಿದು ಹಾಕುತ್ತಿದ್ದೆ. ವೈಶಾಲಿ ಗಣಿತದ ಪುಸ್ತಕ ಹಿಡಿದು ತಾನೇ ಬಂದು ಪಕ್ಕ ಕೂತಳು.

"ಅಪ್ಪಾ, ಈ ಪಾಯಿಂಟ್ ಇರೋ ಭಾಗಾಕಾರ ನನಗ ಬರಂಗಿಲ್ಲ. ಹೇಳಿಕೊಡು."

ಗೆದ್ದೆ! ಕತೆ ಗೆದ್ದಿತು! ಚಶ್ಮಾ ಏರಿಸಿ ಪುಸ್ತಕ ನೋಡಿದೆ. ಪಾಯಿಂಟ್ ಮೇಲೆ ಹೋಗಬೇಕೋ, ಕೆಳಗಿಳಿಯಬೇಕೋ? ಎಡಕ್ಕೋ, ಬಲಕ್ಕೋ? ಮೆಲ್ಲಗೆ ಕೆಮ್ಮಿದೆ.

"ಇವತ್ತು ಅಂಕಣ ಕಳಿಸಬೇಕವ್ವಾ. ಭಾಳ ಮಹತ್ವದ ವಿಷಯ..."

ಅಡುಗೆಮನೆಯಿಂದ ಮಧುಮತಿಯ ದನಿ ಕೇಳಿಸಿತು:

"ಬೀರಪ್ಪನ ಗುಡಿಗೆ ಹೊಂಟ್ರೇನ್ರಿ?"