ಮಾವನ ಐದನೆಯ ಹಲ್ಲು

ನಮ್ಮ ಸೋದರಮಾವ ಚಾಕು ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಹೆದರಬೇಡಿ! ಗಬ್ಬೂರಿನಲ್ಲಿ ಅವರನ್ನು ಕಂಡರೆ ನಡುಗಬೇಕಾದದ್ದು ಪೇರಲಹಣ್ಣು ಮಾತ್ರ. ಬೆರಳುದ್ದದ ಮಡಚುವ ಚಾಕು, ಕಟ್ಟಿಗೆಯ ಹಿಡಿ, ಬನಿಯನ್ನಿನ ಕಿಸೆಯಲ್ಲಿ ವಾಸ. ಮೊಬೈಲ್ ಮರೆತರೆ "ಇರ್ಲಿ ಬಿಡು" ಎನ್ನುವ ಮನುಷ್ಯ, ಚಾಕು ಮರೆತರೆ ಅರ್ಧ ದಾರಿಯಲ್ಲಿ ಬಸ್ಸಿನಿಂದ ಇಳಿದು ವಾಪಸ್ಸು ನಡೆಯುತ್ತಾರೆ. ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಐದನೆಯದು ಕಿಸೆಯಲ್ಲಿದೆ ಎಂದು ನಮ್ಮತ್ತೆಯ ಅಂಬೋಣ.

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ, ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಇದು ಎಲ್ಲರ ಮನೆಯ ಮಾತು. ಮಾವ ಇನ್ನೊಂದು ಹೆಜ್ಜೆ ಮುಂದೆ. ಕೊಡುವುದೇ ಇಲ್ಲ!

ಒಂದು ಸಹಿಗೆಂದು ಮಾವ ಹೋದಾಗ ರಾಯಚೂರಿನ ಒಂದು ಕಚೇರಿಯ ಬಾಗಿಲಲ್ಲಿ ತಪಾಸಣೆಯ ಯಂತ್ರ ಕುಂಯ್ ಎಂದಿತು.

"ಯಜ್ಜಾ, ಚಾಕು ಇಲ್ಲೇ ಇಟ್ಟು ಒಳಗ ಹೋಗ್ರಿ," ಎಂದ ಕಾವಲಿನವ.

"ಚಾಕು ಬರಂಗಿಲ್ಲಂದ್ರ ನಾನೂ ಬರಂಗಿಲ್ಲ. ಸಾಹೇಬ್ರನ್ನ ಹೊರಗ ಕರೀರಿ!"

ಸಾಹೇಬರು ಬೈಯಲೆಂದೇ ಬಂದರು. ಮೆಟ್ಟಿಲ ಮೇಲೆ ಕೂತು, ಉಪ್ಪು ಖಾರ ಹಚ್ಚಿದ ಪೇರಲಹಣ್ಣಿನ ಎರಡು ಹೋಳು ತಿಂದು, ಸಹಿ ಹಾಕಿಕೊಟ್ಟು ಹೋದರು.

ಮಾನ್ವಿ ಊರಿನಲ್ಲಿ ನಡೆದ ನೆಂಟರ ಮದುವೆಯದು ಬೇರೆಯೇ ಕಥೆ. ದೃಷ್ಟಿ ತಾಗಬಾರದೆಂದು ನಮ್ಮ ಕಡೆ ಮದುಮಗನ ಕೈಯಲ್ಲಿ ಲಿಂಬೆಹಣ್ಣು ಚುಚ್ಚಿದ ಚಾಕು ಇರಬೇಕು. ಗಂಡಿನವರು ಬ್ಯಾಂಡಿನವರನ್ನು ಮರೆಯದೆ ತಂದಿದ್ದರು, ಚಾಕು ಮರೆತಿದ್ದರು! ಎಲ್ಲರ ಕಣ್ಣೂ ಮಾವನ ಬನಿಯನ್ನಿನ ಮೇಲೆ ಬಿತ್ತು. ಮುಹೂರ್ತ ಮೀರುತ್ತಿತ್ತು. ಮಾವ ಹಲ್ಲು ಕಚ್ಚಿ (ಇದ್ದಷ್ಟನ್ನು!) ಚಾಕು ಬಿಚ್ಚಿ ಚಾಪೆಯ ಮೇಲಿಟ್ಟರು. ಮದುಮಗ ಚಾಕು ಬಿಡಬಾರದು ಎಂಬುದು ಶಾಸ್ತ್ರ. ಚಾಕುವನ್ನು ಬಿಟ್ಟಿರಬಾರದು ಎಂಬುದು ಮಾವನ ಶಾಸ್ತ್ರ. ಹೀಗಾಗಿ ಮದುಮಗ ಹೋದಲ್ಲೆಲ್ಲ ಮಾವ.

"ಕಾಕಾ, ಸ್ವಲ್ಪ ಸರೀರಿ," ಎಂದ ಫೋಟೋದವ.

"ನಾ ಸರದ್ರ ಚಾಕೂನೂ ಸರೀತದ, ನೋಡ್ ಮತ್ತ!"

ಇಂದಿಗೂ ಆ ಆಲ್ಬಂ ನೋಡಿದವರು ಕೇಳುವುದು ಒಂದೇ: "ಇವರಿಬ್ಬರಾಗ ಮದುಮಗ ಯಾರು?"

ಈ ವರ್ಷ ನನಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ರಾಯಚೂರಿನ ತವರಿನಲ್ಲಿದ್ದೆ. ಕೂಸು ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಅಳುತ್ತಿತ್ತು, ಜೊತೆಗೆ ನಾನೂ ಅಳುತ್ತಿದ್ದೆ. ಸುದ್ದಿ ಕೇಳಿ ಮಾವ ಮೊದಲ ಬಸ್ಸಿಗೇ ಬಂದರು. ಯಾರೂ ಚಾಕು ಕೇಳಿರಲಿಲ್ಲ. ಬನಿಯನ್ನಿಗೆ ಕೈ ಹಾಕಿ, ಮಡಚಿದ ಚಾಕು ತೆಗೆದು, ಕೂಸಿನ ತಲೆದಿಂಬಿನ ಕೆಳಗೆ ಇಟ್ಟೇಬಿಟ್ಟರು. "ಕಬ್ಬಿಣ ಇದ್ರ ಕೂಸು ಬೆಚ್ಚಂಗಿಲ್ಲ ಯವ್ವಾ." ಚಹಾ ಕುಡಿದು ಖಾಲಿ ಕಿಸೆಯಲ್ಲಿ ಹೊರಟರು.

ವಾರಕ್ಕೆ ಅತ್ತೆಯ ಫೋನು: "ನಿಮ್ಮ ಮಾವ ಕಿಸೆ ತಡಕಾಡಾಕತ್ತಾರ. ಪೇರಲಹಣ್ಣು ಕೈಗೆ ತಗೊಂಡು ವಾಪಸ್ ಇಡ್ತಾರ. ದೇವದುರ್ಗದ ಸಂತ್ಯಾಗ ಹೊಸಾದು ತಗೋರಿ ಅಂದ್ರ ಒಲ್ಲೆ ಅಂತಾರ."

ಮೂರು ತಿಂಗಳಿಗೆ ಕೂಸು ಬೆಚ್ಚುವುದು ನಿಂತಿತು. ಮಾವ ಬಂದಾಗ ಚಾಕುವನ್ನು ಒರೆಸಿ, ಪದ್ಧತಿಯಂತೆ ಅವರ ಮುಂದೆ ನೆಲದ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ಆಕಿದ ಅದು ಈಗ. ದೊಡ್ಡಾಕಿ ಆಗಿ ನನಗ ಪೇರಲಹಣ್ಣು ಹೆಚ್ಚಿ ಕೊಡ್ಲಿ."

ನಾನು ಕೇಳಿದೆ: "ಅಲ್ಲೀತನಕ ಏನ್ ಮಾಡ್ತೀ ಮಾವಾ?"

ಮಾವ ನಾಲ್ಕೂ ಹಲ್ಲು ತೋರಿಸಿ ನಕ್ಕರು.

"ಕಾಯ್ತೀನಿ."