ನಾನು ಹೊಗಳಿ ಹೊತ್ತು ತಂದ ಹೂಜಿ

ನಾನು ತುಮಕೂರಿನಲ್ಲಿ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವವನು. ಮದುವೆ ಮನೆಯ ಬಿರಿಯಾನಿ ಹಂಡೆಯಿಂದ ಹಿಡಿದು ಮಠದ ದಾಸೋಹದ ಕೊಪ್ಪರಿಗೆಯವರೆಗೆ ಯಾರ ಪಾತ್ರೆ ಒಳಗಡೆ ಹೇಗಿದೆ ಅನ್ನೋದು ನನಗೆ ಗೊತ್ತು. ಇಂಥ ಅನುಭವಸ್ಥನಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಮಾನ್ ದೇಶದಿಂದ ಆಹ್ವಾನ ಬಂತು. ಕರೆದದ್ದು ಅಲ್ಲಿನ ಸರ್ಕಾರವಲ್ಲ, ನನ್ನ ತಂಗಿ ಶಬಾನಾ. ಅವಳ ಗಂಡ ಅನ್ವರ್, ಕುಣಿಗಲ್‌ನವನು, ಅಲ್ಲಿನ ನಿಜ್ವಾ ಎಂಬ ಊರಿನಲ್ಲಿ ಟೈಲರು.

"ಅಲ್ಲಿನ ರೀತಿ ರಿವಾಜು ಏನು ಅಂತ ಸ್ವಲ್ಪ ಕೇಳ್ಕೊಂಡು ಹೋಗಿ," ಎಂದಳು ನನ್ನ ಹೆಂಡತಿ ಖೈರುನ್ನಿಸಾ. ಬೆಲ್ಲದ ಕೊಬ್ಬರಿ ಮಿಠಾಯಿಯನ್ನು ಡಬ್ಬಿಗೆ ತುಂಬುತ್ತಿದ್ದಳು.

"ನಂಗೇನ್ ಹೇಳ್ಕೊಡ್ತೀಯ? ಆರನೇ ವಯಸ್ಸಿಂದ ಅರಬ್ಬಿ ಓದ್ತಾ ಇದೀನಿ."

"ಓದ್ತೀರ. ಅರ್ಥ ಗೊತ್ತಾ?"

"ಅರ್ಥ ಅಲ್ಲಿಗೆ ಹೋದ್ಮೇಲೆ ತಾನಾಗೇ ಆಗುತ್ತೆ," ಎಂದೆ. ನಮ್ಮ ಮನೆಮಾತು ಉರ್ದು. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಕನ್ನಡಕ್ಕೆ ತಂದರೆ ಖಾರ ಕಮ್ಮಿಯಾಗುತ್ತದೆ, ಹಾಗಾಗಿ ಬಿಟ್ಟಿದ್ದೇನೆ.

ನಿಜ್ವಾ ನೋಡಿ ನಾನು ಮರುಳಾದೆ. ಗುರುತಿಲ್ಲದವರೂ ನಿಂತು ಸಲಾಂ ಹೇಳುತ್ತಾರೆ, ಮನೆಮಂದಿಯನ್ನೆಲ್ಲ ವಿಚಾರಿಸುತ್ತಾರೆ. ಮೂರನೇ ದಿನ ಅನ್ವರನ ಯಜಮಾನರು ನಮ್ಮನ್ನು ಮನೆಗೆ ಕರೆದರು. ಸಾಲಿಮ್ ಸಾಹೇಬರು ಎಂಬತ್ತರ ಹತ್ತಿರದ ಹಿರಿಯರು. ಪ್ರಾಯದಲ್ಲಿ ಮುಂಬೈ ಕಡೆ ವ್ಯಾಪಾರ ಮಾಡಿದವರಾದ್ದರಿಂದ ಹಿಂದೂಸ್ತಾನಿ ಮಾತಾಡುತ್ತಿದ್ದರು. ನಾನು ಬಾಗಿಲಿಗೆ ಬಂದಾಗ ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು. ತುಮಕೂರಿನಲ್ಲಿ ಕಲಾಯಿ ಸಾಬಿ ಬಂದ ಅಂತ ಯಾರೂ ಎದ್ದು ನಿಂತಿದ್ದನ್ನು ನಾನು ನೋಡಿಲ್ಲ.

ಕೂತ ಕೂಡಲೇ ಖಾವಾ ಬಂತು. ಹಿಡಿ ಇಲ್ಲದ ಪುಟ್ಟ ಕಪ್ಪು, ಅದರ ತಳದಲ್ಲಿ ಎರಡು ಗುಟುಕು ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಮಾತ್ರ ಧಾರಾಳ. ನಾನು ಮರ್ಯಾದಸ್ಥ, ಕೊಟ್ಟಿದ್ದನ್ನು ಉಳಿಸುವವನಲ್ಲ. ಕುಡಿದು ಮುಗಿಸಿದೆ. ಸಾಹೇಬರು ತಾವೇ ಹೂಜಿಯಿಂದ ಮತ್ತೆ ಹಾಕಿದರು. ಹಿರಿಯರು ಹಾಕಿದ್ದನ್ನು ಬೇಡ ಅನ್ನುವುದು ಹೇಗೆ? ಮುಗಿಸಿದೆ. ಮತ್ತೆ ಹಾಕಿದರು. ಎದುರಿಗೆ ಕೂತಿದ್ದ ಅನ್ವರ್ ತನ್ನ ಖಾಲಿ ಕಪ್ಪನ್ನು ನನ್ನ ಕಡೆ ಹಿಡಿದು ಗಡಗಡ ಅಲ್ಲಾಡಿಸುತ್ತಿದ್ದ. ಪಾಪ, ಈ ವಯಸ್ಸಿಗೇ ಕೈ ನಡುಕ ಬಂದಿದೆ, ತಂಗಿ ನನಗೆ ಕಾಗದದಲ್ಲಿ ಬರೆದೇ ಇಲ್ಲವಲ್ಲ ಎಂದು ಮರುಗಿದೆ.

ಹನ್ನೊಂದನೇ ಕಪ್ಪಿಗೆ ನನ್ನ ಎದೆ ಗೂಳೂರು ಜಾತ್ರೆಯ ತಮಟೆಯ ಹಾಗೆ ಬಡಿಯತೊಡಗಿತು. ಇದನ್ನು ನಿಲ್ಲಿಸಲು ಒಂದೇ ದಾರಿ ಹೊಳೆಯಿತು. ಹೂಜಿ ನನ್ನ ಕೈಗೆ ಬಂದರೆ ಅವರು ಹಾಕುವುದಾದರೂ ಹೇಗೆ? "ಸ್ವಲ್ಪ ನೋಡ್ತೀನಿ ಸಾಹೇಬ್ರೇ" ಎಂದು ಎರಡೂ ಕೈ ಚಾಚಿ ತೆಗೆದುಕೊಂಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ಕೈಗೆ ಬಂದದ್ದು ಹಿತ್ತಾಳೆ. ಹಕ್ಕಿಯ ಕೊಕ್ಕಿನಂಥ ಮೂತಿ, ಸಣ್ಣ ಕತ್ತು, ಹೊಟ್ಟೆಯ ಸುತ್ತ ಕೈಯಲ್ಲೇ ಕೊರೆದ ಬಳ್ಳಿ. ಬೆರಳಲ್ಲಿ ತಟ್ಟಿದರೆ ಗಂಟೆಯ ನಾದ. ಕಸುಬುದಾರನ ಬಾಯಿ ಸುಮ್ಮನಿರುತ್ತದೆಯೆ? "ಇಂಥ ಕೆಲಸ ನನ್ನ ಜನ್ಮದಲ್ಲೇ ನೋಡಿಲ್ಲ" ಎಂದೆ. ತಿರುಗಿಸಿ ತಿರುಗಿಸಿ ಇನ್ನೂ ಐದು ನಿಮಿಷ ಹೊಗಳಿದೆ. ಅನ್ವರ್ ಈಗ ಕಪ್ಪು ಬಿಟ್ಟು ತಲೆಯನ್ನೇ ಅಲ್ಲಾಡಿಸುತ್ತಿದ್ದ.

ಸಾಹೇಬರು ಎದೆಯ ಮೇಲೆ ಕೈಯಿಟ್ಟು, "ಇದು ನಿಮ್ಮದು," ಎಂದರು.

ನಮ್ಮಲ್ಲೂ ಬಂದವರಿಗೆ ಇದು ನಿಮ್ಮದೇ ಮನೆ ಅನ್ನುತ್ತೇವೆ. ಯಾರೂ ಹಾಸಿಗೆ ತಂದು ಹಾಸುವುದಿಲ್ಲ. ಹಾಗೆಂದುಕೊಂಡು ನಾನು ನಕ್ಕು ಶುಕ್ರಿಯಾ ಎಂದೆ. ಹೊರಡುವಾಗ ನೋಡಿದರೆ, ಬಿಳೀ ಬಟ್ಟೆಯಲ್ಲಿ ಸುತ್ತಿದ ಹೂಜಿ ಅನ್ವರನ ಕಾರಿನ ಹಿಂದಿನ ಸೀಟಿನಲ್ಲಿ ನನಗಿಂತ ಮೊದಲೇ ಕೂತಿತ್ತು.

ಮನೆಯಲ್ಲಿ ಶಬಾನಾ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದವಳೇ ಕೂತುಬಿಟ್ಟಳು.

"ಭಾಯಿ, ಇದು ಅವರ ತಂದೇದು. ಆ ಮನೇಲಿ ಬೇರೆ ಹೂಜೀಲಿ ಖಾವಾ ಕೊಟ್ಟಿದ್ದೇ ಇಲ್ಲ. ನೀನು ಬಂದ ಮೂರೇ ದಿನಕ್ಕೆ ಎತ್ಕೊಂಡು ಬಂದಿದೀಯಲ್ಲ?"

"ನಾನೆಲ್ಲಿ ಎತ್ಕೊಂಡೆ? ಹೊಗಳಿದೆ ಅಷ್ಟೆ."

"ಇಲ್ಲಿ ಹೊಗಳಿದ್ರೆ ಕೊಟ್ಬಿಡ್ತಾರೆ ಭಾಯಿ," ಎಂದ ಅನ್ವರ್. "ಸಾಕು ಅನ್ನೋದಾದ್ರೆ ಕಪ್ಪು ಅಲ್ಲಾಡಿಸ್ಬೇಕು. ನಾನು ತೋರಿಸ್ತಾನೇ ಇದ್ನಲ್ಲ. ನೀವು ನನ್ನ ನೋಡಿ ಅಯ್ಯೋ ಅನ್ನೋ ಹಾಗೆ ಮುಖ ಮಾಡ್ತಿದ್ರಿ."

"ವಾಪಸ್ ಕೊಟ್ಬಿಡೋಣ," ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೊಟ್ರೆ ಅವರಿಗೆ ಅವಮಾನ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಧ ಕಾರಣ ಖಾವಾ. ಉಳಿದರ್ಧ, ಎದ್ದು ನಿಂತು ನನಗೆ ಮರ್ಯಾದೆ ಕೊಟ್ಟ ಮುದುಕರ ಕೈ ಈಗ ಬರಿದಾಗಿದೆಯಲ್ಲ ಎಂಬ ಸಂಕಟ. ಏನಾದರೂ ಮಾಡಿ ಅದನ್ನು ಅವರ ಮುಂದೆ ಇಡಬೇಕು, ಅವರ ಮನಸ್ಸೂ ನೋಯಬಾರದು.

ಬೆಳಿಗ್ಗೆ ಮುಚ್ಚಳ ತೆಗೆದು ಒಳಗೆ ಇಣುಕಿದೆ. ಕಲಾಯಿ ಪೂರ್ತಿ ಹೋಗಿತ್ತು! ಒಳಗಡೆ ಕಪ್ಪು, ಹಸಿರು. ನನ್ನ ಜೀವಮಾನದಲ್ಲಿ ಹಾಳಾದ ಪಾತ್ರೆ ನೋಡಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ನಿಜ್ವಾದ ಹಳೇ ಪೇಟೆಯಲ್ಲಿ ಒಬ್ಬ ಕಲಾಯಿಯವನನ್ನು ಹುಡುಕಿಕೊಂಡು ಹೋದೆ. ಅವನಿಗೆ ನನ್ನ ಭಾಷೆ ಬರದು, ನನಗೆ ಅವನದು. ಕೆಂಡ, ತವರ, ನವಸಾಗರ, ಹತ್ತಿ ಒಂದೊಂದನ್ನೂ ಬೆರಳು ಮಾಡಿ ತೋರಿಸಿದೆ. ಅವನು ಸರಿದು ತನ್ನ ಜಾಗವನ್ನೇ ಬಿಟ್ಟುಕೊಟ್ಟ. ಕಡ್ಡಿಗೆ ಹತ್ತಿ ಸುತ್ತಿ ಸಣ್ಣ ಕತ್ತಿನೊಳಗೆ ತೂರಿಸಿ ಉಜ್ಜಿದೆ. ಒಳಗೆಲ್ಲ ಬೆಳ್ಳಿಯಾಯಿತು. ಅವನು ನನ್ನ ಬೆನ್ನು ತಟ್ಟಿದ.

"ಈಗ ಉಪಾಯ ಕೇಳಿ," ಎಂದೆ ಮನೆಗೆ ಬಂದು. "ನಮ್ಮೂರಲ್ಲಿ ಇನ್ನೊಬ್ಬರ ಪಾತ್ರೆ ಖಾಲಿ ವಾಪಸ್ ಕೊಡಲ್ಲ, ಏನಾದ್ರೂ ತುಂಬಿಸಿ ಕೊಡ್ತೀವಿ. ಇದು ನಮ್ಮ ರಿವಾಜು. ಅವರು ಅವರ ರಿವಾಜು ನಡೆಸಿದ್ರು, ನಾವು ನಮ್ದು ನಡೆಸೋಣ."

ಶಬಾನಾ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು. ಆ ಗೌರವ ತಲೆಗೇರಿತು. ಖೈರುನ್ನಿಸಾಳ ಕೊಬ್ಬರಿ ಮಿಠಾಯಿಯನ್ನು ಚೂರು ಮಾಡಿ, ಆ ಸಣ್ಣ ಕತ್ತಿನೊಳಗೆ ಒತ್ತಿ ಒತ್ತಿ ಡಬ್ಬಿಯಲ್ಲಿದ್ದದ್ದನ್ನೆಲ್ಲ ಹೂಜಿಗೆ ತುಂಬಿದೆ.

ದಾರಿಯಲ್ಲಿ ಬಿಸಿಲಿಗೆ ಮಿಠಾಯಿ ಕರಗಿತು. ಸಾಹೇಬರ ಮನೆಯ ಎ.ಸಿ.ಗೆ ಗಟ್ಟಿಯಾಯಿತು. ಇದು ನನಗೆ ಗೊತ್ತಾದದ್ದು, ನಾನು ನಮ್ಮ ರಿವಾಜಿನ ಬಗ್ಗೆ ಭಾಷಣ ಮುಗಿಸಿ, ಸಾಹೇಬರು ತಟ್ಟೆಯ ಮೇಲೆ ಹೂಜಿ ಬಗ್ಗಿಸಿದಾಗ. ಒಂದು ಚೂರೂ ಬೀಳಲಿಲ್ಲ. ಕುಲುಕಿದರು. ತಟ್ಟಿದರು. ಅವರ ತಂದೆಯ ಹೂಜಿಗೆ ನಾನು ಗಾರೆ ಹಾಕಿ ತಂದಿದ್ದೆ!

ಅನ್ವರ್ ಗೋಡೆಯ ಕಡೆ ತಿರುಗಿ ಕೂತ. ಸಾಹೇಬರು ಒಳಗಿನಿಂದ ಕುದಿಯುವ ಖಾವಾ ತರಿಸಿ ಹೂಜಿಗೆ ಹುಯ್ದರು. ಸ್ವಲ್ಪ ಹೊತ್ತು ಬಿಟ್ಟು ಬಗ್ಗಿಸಿದರೆ ಬೆಲ್ಲ, ಕೊಬ್ಬರಿ, ಕಾಫಿ ಎಲ್ಲ ಸೇರಿ ಕಂದು ಬಣ್ಣದ ಪಾಯಸ ಇಳಿಯಿತು. ಸಕ್ಕರೆ ಸೋಕಿಸದೆ ಖಾವಾ ಕುಡಿಯುವವರು ಅದನ್ನು ಬಾಯಿಗಿಟ್ಟರು. ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ, ಅವರು ಮುಚ್ಚಳ ಎತ್ತಿ ಒಳಗಿನ ಹೊಳಪು ನೋಡುತ್ತಿದ್ದರು. "ನಮ್ಮಪ್ಪ ಹೋದಮೇಲೆ ಇದರೊಳಗೆ ಯಾರೂ ನೋಡಿರಲಿಲ್ಲ," ಎಂದರು. ಆಮೇಲೆ ಹೂಜಿಯನ್ನು ನನ್ನ ಕೈಗೆ ಕೊಟ್ಟು ಕಪ್ಪನ್ನು ಮುಂದೆ ಹಿಡಿದರು. ಅಲ್ಲಾಡಿಸಲಿಲ್ಲ.

ಮೂರು ಸಲ ಹಾಕಿದೆ. ಹೂಜಿ ಅಲ್ಲೇ ಉಳಿಯಿತು. ನನ್ನನ್ನು ಬರಿಗೈಯಲ್ಲಿ ಕಳಿಸಲಾರದೆ ಅವರು ಅಂಥದ್ದೇ ಒಂದು ಪುಟ್ಟ ಹೂಜಿ ಕೊಟ್ಟರು. ಅದನ್ನು ನಾನು ಹೊಗಳಿರಲಿಲ್ಲ ಎಂಬುದಕ್ಕೆ ಅನ್ವರ್ ಸಾಕ್ಷಿ.

ಊರಿಗೆ ಬಂದು ಹೂಜಿಯನ್ನು ಅಂಗಡಿಯ ಮುಂದೆಯೇ ಇಟ್ಟೆ. ಬಂದವರಿಗೆಲ್ಲ ಅರಬರ ದೊಡ್ಡ ಮನಸ್ಸಿನ ಮೇಲೆ ಉಪನ್ಯಾಸ. ಒಂದು ದಿನ ಗುಬ್ಬಿಯ ಸಿದ್ಧಲಿಂಗಣ್ಣ, ನನ್ನ ಹಳೇ ಗಿರಾಕಿ, ಕೂತು ಪೂರ್ತಿ ಕೇಳಿದರು. ಹೊಗಳಿದ ವಸ್ತುವನ್ನು ಕೊಟ್ಟುಬಿಡುತ್ತಾರೆ ಎಂಬ ಭಾಗಕ್ಕೆ ಬಂದಾಗ ಹೂಜಿ ಎತ್ತಿ ನೋಡಿ, "ಬಲೇ ಚೆನ್ನಾಗದೆ ಕಣ್ ಸಾಬ್ರೇ," ಎಂದರು.

ಅಷ್ಟು ಹೊತ್ತು ಮಾತಾಡಿದ ಬಾಯಿ ಇನ್ನೇನು ಹೇಳಲು ಸಾಧ್ಯ? ಎದೆಯ ಮೇಲೆ ಕೈಯಿಟ್ಟು, "ಇದು ನಿಮ್ದೇ," ಎಂದೆ.

ಸಿದ್ಧಲಿಂಗಣ್ಣ ಟವೆಲಿನಲ್ಲಿ ಸುತ್ತಿಕೊಂಡು ಗುಬ್ಬಿ ಬಸ್ಸು ಹತ್ತಿದರು.

"ವಾಪಸ್ ಬರುತ್ತೆ, ಅವರಿಗೂ ರಿವಾಜು ಗೊತ್ತು," ಎಂದೆ ಖೈರುನ್ನಿಸಾಳಿಗೆ. ಎರಡು ತಿಂಗಳಾದ ಮೇಲೆ ಬಂದೇ ಬಂತು. ಸಿದ್ಧಲಿಂಗಣ್ಣ ಟವೆಲು ಬಿಚ್ಚುವಾಗ ನನ್ನ ಎದೆ ಹನ್ನೊಂದು ಕಪ್ಪು ಖಾವಾ ಕುಡಿದವನ ಹಾಗೆ ಬಡಿಯುತ್ತಿತ್ತು.

"ಮನೇಲಿ ಹುಣಸೆ ರಸ ಹಾಕಿಟ್ಬಿಟ್ಟವ್ರೆ ಸಾಬ್ರೇ. ಒಳಗೆ ಕಲಾಯಿ ಹೋಗದೆ. ಒಂದ್ಸಲಿ ಹಾಕ್ಕೊಡಿ."

ಹಾಕಿಕೊಟ್ಟೆ. ಇನ್ನೊಬ್ಬರ ಪಾತ್ರೆ ಖಾಲಿ ಕೊಡಬಾರದಲ್ಲ, ಕೊಬ್ಬರಿ ಮಿಠಾಯಿಯನ್ನೂ ತುಂಬಿಸಿಕೊಟ್ಟೆ.